ಪೋರ್ಚುಗೀಸ್ ಮಾತಾಡಲು ಕಲಿಯುವ ಕನ್ನಡಿಗರಿಗೆ: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವುತ್ತೀರಿ

ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯಿಂದ ಪೋರ್ಚುಗೀಸ್ ಕಲಿಯಲು ಹೊರಟವರು ನನಗೆ ವಾಯ್ಸ್ ನೋಟ್ ಕಳಿಸಿ "ಸರಿಯಾಗಿದೆಯಾ ಹೇಳಿ" ಅಂತ ಕೇಳುತ್ತಾರೆ. ಎಲ್ಲದರಲ್ಲೂ ಅವೇ ತಪ್ಪುಗಳು. ಆಪ್‌ನಲ್ಲಿ ತಿಂಗಳುಗಟ್ಟಲೆ ಪಾಠ ಮುಗಿಸಿರುತ್ತಾರೆ. ಪದ ಗೊತ್ತಿರುತ್ತದೆ, ವ್ಯಾಕರಣವೂ ಅಷ್ಟಿಷ್ಟು ಬಂದಿರುತ್ತದೆ. ಆದರೆ ಬ್ರೆಜಿಲ್‌ನವರ ಜೊತೆ ಕಾಲ್‌ಗೆ ಕೂತರೆ ಆ ಕಡೆಯವರಿಗೆ ಒಂದು ವಾಕ್ಯವೂ ಅರ್ಥವಾಗುವುದಿಲ್ಲ.

ಕನ್ನಡ ಬಾಯಿಗೆ ಪೋರ್ಚುಗೀಸ್ ಅಂಥ ಕಷ್ಟದ ಭಾಷೆ ಅಲ್ಲ. ನಡುವೆ ಇಂಗ್ಲಿಷ್ ಬಂದು ಕೂತಿರುವುದೇ ತೊಂದರೆ. ನಾವು ಮೊದಲು ಅಕ್ಷರ ನೋಡುತ್ತೇವೆ, ಅದನ್ನು ಇಂಗ್ಲಿಷ್ ಥರ ಓದುತ್ತೇವೆ, ಆಮೇಲೆ ಆ ತಪ್ಪು ಉಚ್ಚಾರವನ್ನೇ ಬಾಯಿಪಾಠ ಮಾಡುತ್ತೇವೆ. ಆದ್ದರಿಂದ ಇಲ್ಲಿ ಹಂತಗಳನ್ನು ಬೇರೆ ಕ್ರಮದಲ್ಲಿ ಇಟ್ಟಿದ್ದೇನೆ. ಕಿವಿ ಮೊದಲು, ಬಾಯಿ ಆಮೇಲೆ, ಅಕ್ಷರ ಕೊನೆಗೆ. ದಯವಿಟ್ಟು ಹಂತ ಹಾರಿಸಬೇಡಿ.

## ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಸ್ಮಾರ್ಟ್‌ಫೋನ್, ತಂತಿ ಇರುವ ಸಾಧಾರಣ ಇಯರ್‌ಫೋನ್, ಒಂದು ಕೈಗನ್ನಡಿ, ಒಂದು ನೋಟ್‌ಬುಕ್. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುವ ಆಪ್ ಹೇಗೂ ಇರುತ್ತದೆ. ಒಂದೊಂದೇ ಪದದ ಉಚ್ಚಾರ ಕೇಳಲು ಫೋರ್ವೊ ಅನ್ನುವ ಜಾಲತಾಣ ಇದೆ. ಅಲ್ಲಿ ಆಯಾ ದೇಶದವರೇ ಪದಗಳನ್ನು ಹೇಳಿ ರೆಕಾರ್ಡ್ ಮಾಡಿರುತ್ತಾರೆ. ಹೇಳಿದವರು ಬ್ರೆಜಿಲ್‌ನವರೋ ಪೋರ್ಚುಗಲ್‌ನವರೋ ಅನ್ನುವುದನ್ನೂ ಬರೆದಿರುತ್ತಾರೆ.

ಇನ್ನೊಂದು ಉಪಕರಣವನ್ನು ಯಾರೂ ಬಳಸುವುದಿಲ್ಲ. ಫೋನಿನ ಕೀಬೋರ್ಡ್‌ನಲ್ಲಿ ಬ್ರೆಜಿಲ್ ಪೋರ್ಚುಗೀಸ್ ಭಾಷೆ ಸೇರಿಸಿ, ಮೈಕ್ ಗುರುತು ಒತ್ತಿ ಮಾತಾಡಿ. ನೀವು ಅಂದದ್ದು ಅದಕ್ಕೆ ಏನಾಗಿ ಕೇಳಿಸಿತೋ ಅದನ್ನೇ ಟೈಪ್ ಮಾಡುತ್ತದೆ. ಇದು ಬಿಟ್ಟಿ ಪರೀಕ್ಷಕ. ಒಂದು ಎಚ್ಚರ: ಪೂರ್ತಿ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ಊಹೆ ಮಾಡಿ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ. ಒಂಟಿ ಪದ ಹೇಳಿ ಪರೀಕ್ಷಿಸಿ.

ಈ ಬರಹದಲ್ಲಿ ಬಳಸಿರುವ ಗುರುತುಗಳು ಇವು. ಪೋರ್ಚುಗೀಸ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ದೀರ್ಘ ಇರುವ ಕಡೆ ಒತ್ತು, ಅಂದರೆ ದನಿಯ ಬಲ, ಬೀಳುತ್ತದೆ. ಸೊನ್ನೆ ಇದ್ದರೆ ಆ ಸ್ವರ ಮೂಗಿನಿಂದ ಬರಬೇಕು, ಕೊನೆಗೆ ನ್ ಅಥವಾ ಮ್ ಬರಬಾರದು. ಜ಼ ಅಂದರೆ ಜ಼ೀರೊ, ಜ಼ೂ ಪದಗಳ ಮೊದಲ ಸದ್ದು. ಝ ಅಂದರೆ ಇಂಗ್ಲಿಷಿನವರು ಟೆಲಿವಿಷನ್, ಪ್ಲೆಷರ್ ಅನ್ನುವಾಗ ನಡುವೆ ಬರುವ ಸದ್ದು, ನಮ್ಮ ಮಹಾಪ್ರಾಣ ಅಲ್ಲ. ಫ಼ ಅಂದರೆ ಕೆಳತುಟಿಗೆ ಹಲ್ಲು ತಾಗಿಸಿ ಗಾಳಿ ಬಿಡುವ ಸದ್ದು.

## ಹಂತ 1: ಯಾವ ದೇಶದ ಪೋರ್ಚುಗೀಸ್ ಅಂತ ಮೊದಲು ತೀರ್ಮಾನಿಸಿ

ಬ್ರೆಜಿಲ್ ಮತ್ತು ಪೋರ್ಚುಗಲ್‌ನ ಬರಹ ಹೆಚ್ಚುಕಡಿಮೆ ಒಂದೇ. ಉಚ್ಚಾರ ತುಂಬಾ ಬೇರೆ. ಬ್ರೆಜಿಲ್‌ನವರು ಸ್ವರಗಳನ್ನು ಬಿಡಿಸಿ, ತುಂಬು ಬಾಯಲ್ಲಿ ಹೇಳುತ್ತಾರೆ. ಪೋರ್ಚುಗಲ್‌ನವರು ಒತ್ತಿಲ್ಲದ ಸ್ವರಗಳನ್ನು ನುಂಗಿಬಿಡುತ್ತಾರೆ. 'ಚಿಕ್ಕದು' ಅನ್ನುವ ಪದ ಬ್ರೆಜಿಲ್‌ನಲ್ಲಿ 'ಪೆಕೇನು', ಲಿಸ್ಬನ್‌ನಲ್ಲಿ 'ಪ್ಕೇನು' ಅಂತ ಕೇಳಿಸುತ್ತದೆ.

ಕೆಲಸ ಯಾವ ದೇಶದ ಜೊತೆಗೋ ಆ ಉಚ್ಚಾರ ಹಿಡಿಯಿರಿ. ಅಂಗೋಲಾ, ಮೊಜಾಂಬಿಕ್‌ಗೆ ಹೋಗುವವರಿಗೆ ಪೋರ್ಚುಗಲ್ ರೀತಿಯೇ ಹತ್ತಿರ. ಅಂಥ ಗುರಿ ಏನೂ ಇಲ್ಲದಿದ್ದರೆ ಬ್ರೆಜಿಲ್ ತೆಗೆದುಕೊಳ್ಳಿ ಅನ್ನುತ್ತೇನೆ. 2022ರ ಜನಗಣತಿಯಲ್ಲಿ ಬ್ರೆಜಿಲ್‌ನ ಜನಸಂಖ್ಯೆ 20 ಕೋಟಿ ದಾಟಿದೆ, ಪೋರ್ಚುಗಲ್‌ನದು 1 ಕೋಟಿಯ ಆಸುಪಾಸು. ಮಾತಾಡಲು ಜನ ಸಿಗುವುದೂ ಬ್ರೆಜಿಲ್‌ನಲ್ಲೇ ಜಾಸ್ತಿ. ಡ್ಯುಯೊಲಿಂಗೊ ಆಪ್ ಕಲಿಸುವುದೂ ಬ್ರೆಜಿಲ್ ರೀತಿಯನ್ನೇ. ಇಲ್ಲಿ ಮುಂದೆ ಬರೆದಿರುವುದೂ ಅದೇ.

ಇಲ್ಲಿ ಆಗುವ ತಪ್ಪು: ಬೆಳಿಗ್ಗೆ ಬ್ರೆಜಿಲ್‌ನ ಯೂಟ್ಯೂಬ್ ಪಾಠ, ಸಂಜೆ ಪೋರ್ಚುಗಲ್‌ನ ರೇಡಿಯೊ. ಮೊದಲ ಆರು ತಿಂಗಳು ಇದು ಬೇಡ. ಎರಡೂ ಸೇರಿ ಎರಡೂ ಅಲ್ಲದ್ದು ಬಾಯಲ್ಲಿ ಕೂರುತ್ತದೆ.

## ಹಂತ 2: ಎರಡು ವಾರ ಓದಬೇಡಿ, ಬರೆಯಬೇಡಿ

ಬರೀ ಕೇಳಿ. ಒಬ್ಬರೇ ಮಾತಾಡುವ, ಒಂದು ನಿಮಿಷದ ತುಣುಕು ಸಾಕು. ಅದನ್ನೇ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ ಕೇಳಿ. ಸಬ್‌ಟೈಟಲ್ ಆಫ್ ಮಾಡಿ. ವೇಗ ಜಾಸ್ತಿ ಅನಿಸಿದರೆ ಯೂಟ್ಯೂಬ್‌ನಲ್ಲಿ 0.75ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಇಳಿಸಿದರೆ ಸದ್ದು ಹಿಗ್ಗಿ ವಿಕಾರವಾಗುತ್ತದೆ.

ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಆ ಹೊತ್ತನ್ನೇ ಇದಕ್ಕೆ ಬಳಸುತ್ತಾರೆ. ಹಾಡು, ಸುದ್ದಿ ಕೇಳಲು ಅದು ಚೆನ್ನ. ಈ ಅಭ್ಯಾಸಕ್ಕೆ ಆಗುವುದಿಲ್ಲ. ಗಾಡಿಯ ಗದ್ದಲದಲ್ಲಿ ಮೊದಲು ಮುಳುಗುವುದು ಮೂಗಿನ ಸ್ವರ, ನಮಗೆ ಬೇಕಾದದ್ದೇ ಅದು. ಮನೆಯಲ್ಲಿ ಬೆಳಿಗ್ಗೆ ಸದ್ದು ಕಡಿಮೆ ಇರುವಾಗ ಮಾಡಿ.

ಎರಡನೇ ವಾರ ಜೋಡಿ ಪದಗಳ ಪರೀಕ್ಷೆ ಮಾಡಿಕೊಳ್ಳಿ. ಫೋರ್ವೊದಲ್ಲಿ ಹತ್ತಿರದ ಸದ್ದಿನ ಎರಡು ಪದ ಆರಿಸಿ, ಮನೆಯವರ ಕೈಗೆ ಫೋನ್ ಕೊಟ್ಟು ಯಾವುದನ್ನಾದರೂ ಒತ್ತಲು ಹೇಳಿ. ಯಾವುದು ಅಂತ ನೀವು ಹೇಳಬೇಕು. ಹತ್ತರಲ್ಲಿ ಎಂಟು ಸರಿಯಾದರೆ ಮುಂದೆ ಹೋಗಿ. ಕಿವಿಗೆ ಬೇರೆಯಾಗಿ ಕೇಳದ್ದು ಬಾಯಲ್ಲಿ ಬೇರೆಯಾಗಿ ಬರುವುದಿಲ್ಲ.

## ಹಂತ 3: ಒತ್ತು ಮತ್ತು ಸ್ವರ

ಕನ್ನಡದಲ್ಲಿ ಎಲ್ಲಾ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ತೂಕ. ಪೋರ್ಚುಗೀಸ್‌ನಲ್ಲಿ ಪದಕ್ಕೆ ಒಂದು ಕಡೆ ಗಟ್ಟಿ ಒತ್ತು ಬೀಳುತ್ತದೆ, ಉಳಿದ ಕಡೆ ಸ್ವರ ಸೊರಗುತ್ತದೆ. ಒತ್ತಿನ ಜಾಗ ಬದಲಾದರೆ ಪದವೇ ಬದಲಾಗುತ್ತದೆ. 'ಸಾಬಿಯ' ಅಂದರೆ ಜಾಣೆ. 'ಸಬೀಯ' ಅಂದರೆ ಗೊತ್ತಿತ್ತು. 'ಸಬಿಯಾ' ಒಂದು ಹಕ್ಕಿ. 'ಫ಼ಲಾರಂಉ' ಅಂದರೆ ಅವರು ಮಾತಾಡಿದರು, 'ಫ಼ಲರಾಂಉ' ಅಂದರೆ ಮಾತಾಡುತ್ತಾರೆ, ಮುಂದೆ.

ತಿಪಟೂರು ಕಡೆಯ ತೆಂಗಿನ ವ್ಯಾಪಾರಿಗಳು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು: 'ಕೋಕು' ಅಂದರೆ ತೆಂಗಿನಕಾಯಿ, 'ಕೊಕೋ' ಅಂದರೆ ಮಕ್ಕಳ ಭಾಷೆಯಲ್ಲಿ ಕಕ್ಕ. ಎಳನೀರು ಕೇಳುವಾಗ ಒತ್ತು ಮೊದಲ ಅಕ್ಷರಕ್ಕೇ ಇರಲಿ.

ಒತ್ತಿನ ನಿಯಮ ಚಿಕ್ಕದು. ಪದ ಎ, ಇ, ಓ ಅಕ್ಷರದಲ್ಲಿ ಮುಗಿದರೆ (ಇಂಗ್ಲಿಷ್ ಹೆಸರಿನಲ್ಲಿ ಹೇಳುತ್ತಿದ್ದೇನೆ) ಒತ್ತು ಕೊನೆಯಿಂದ ಎರಡನೆಯದಕ್ಕೆ. ಅದರ ಮುಂದೆ ಎಸ್ ಸೇರಿದ್ದರೂ ಹಾಗೇ. ಎಲ್, ಆರ್, ಝಡ್, ಐ, ಯು ಅಕ್ಷರದಲ್ಲಿ ಮುಗಿದರೆ ಸಾಮಾನ್ಯವಾಗಿ ಕೊನೆಯದಕ್ಕೆ. ಸ್ವರದ ತಲೆ ಮೇಲೆ ಓರೆಗೆರೆ ಅಥವಾ ಟೋಪಿ ಗುರುತು ಕಂಡರೆ ನಿಯಮ ಮರೆತು ಅಲ್ಲಿಗೇ ಒತ್ತು ಹಾಕಿ.

ಇನ್ನು ಪದದ ಕೊನೆ. ಒತ್ತಿಲ್ಲದ ಓ ಕೊನೆಯಲ್ಲಿ ಬಂದರೆ ಅದು 'ಉ', ಇಂಗ್ಲಿಷ್‌ನವರು ಇ ಅನ್ನುವ ಅಕ್ಷರ ಬಂದರೆ ಬ್ರೆಜಿಲ್‌ನ ಬಹಳ ಕಡೆ ಅದರ ಸದ್ದು ಕನ್ನಡದ 'ಇ'. ಬಸ್ಸನ್ನು 'ಬಸ್ಸು', ಕಪ್ಪನ್ನು 'ಕಪ್ಪು' ಮಾಡಿಕೊಂಡ ಬಾಯಿ ನಮ್ಮದು. ಕೊನೆಯ 'ಉ' ನಮಗೆ ತಾನಾಗಿಯೇ ಬರಬೇಕಿತ್ತು. ಆದರೆ ಇಂಗ್ಲಿಷ್ ಅಕ್ಷರ ನೋಡಿ 'ಒಬ್ರಿಗಾಡೋ' ಅಂತ ಎಳೆಯುತ್ತೇವೆ. ಸರಿಯಾದದ್ದು 'ಒಬ್ರಿಗಾದು', ಧನ್ಯವಾದ. ಹೇಳುವವರು ಹೆಂಗಸಾದರೆ 'ಒಬ್ರಿಗಾದ'. ಕೇಳುವವರು ಯಾರು ಅನ್ನುವುದು ಲೆಕ್ಕಕ್ಕಿಲ್ಲ.

ತೆರೆದ ಮತ್ತು ಮುಚ್ಚಿದ ಎ, ಒ ಸ್ವರಗಳಲ್ಲಿ ಸ್ವಲ್ಪ ನಿಂತುಕೊಳ್ಳಿ. ನಮಗೆ ಎ-ಏ, ಒ-ಓ ವ್ಯತ್ಯಾಸ ಉದ್ದದ್ದು. ಪೋರ್ಚುಗೀಸ್‌ನಲ್ಲಿ ವ್ಯತ್ಯಾಸ ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದರದ್ದು. 'ಕೋಳಿ' ಅನ್ನುವಾಗ ಬರುವ ಓ ಮುಚ್ಚಿದ್ದು. ತೋಟಕ್ಕೆ ನಮ್ಮ ಹಳ್ಳಿಗಳಲ್ಲಿ 'ತ್ವಾಟ' ಅನ್ನುತ್ತಾರಲ್ವಾ? 'ತೋಟ' ಮತ್ತು 'ತ್ವಾಟ'ದ ನಡುವೆ ಬಾಯಿ ನಿಲ್ಲಿಸಿದರೆ ತೆರೆದ ಓ ಸಿಗುತ್ತದೆ. ಹಾಗೇ 'ಮೇಕೆ' ಮತ್ತು 'ಮ್ಯಾಕೆ' ನಡುವೆ ತೆರೆದ ಏ ಇದೆ. ಶಾಲೆಯಲ್ಲಿ ತಿದ್ದಿಸಿಕೊಂಡ ಆ ಉಚ್ಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. 'ಅವೋ' ಅನ್ನುವುದನ್ನು ಮುಚ್ಚಿದ ಓ ಹಾಕಿ ಹೇಳಿದರೆ ಅಜ್ಜ, ತೆರೆದದ್ದು ಹಾಕಿದರೆ ಅಜ್ಜಿ. ಬರಹದಲ್ಲಿ ಟೋಪಿ ಇದ್ದರೆ ಮುಚ್ಚಿದ್ದು, ಓರೆಗೆರೆ ಇದ್ದರೆ ತೆರೆದದ್ದು.

ಇನ್ನೊಂದು ನಮ್ಮದೇ ಚಾಳಿ. 'ಎಲ್ಲಿ'ಯನ್ನು 'ಯೆಲ್ಲಿ', 'ಒಂದು'ವನ್ನು 'ವೊಂದು' ಅನ್ನುತ್ತೇವೆ. ಮನೆಮಾತು ತೆಲುಗು ಆದವರಿಗೂ ಇದೇ ರೂಢಿ. 'ಏಲಿ' ಅಂದರೆ ಅವನು, 'ಏಲ' (ತೆರೆದ ಏ) ಅಂದರೆ ಅವಳು, 'ಓರ' ಅಂದರೆ ಗಂಟೆ. ಇವನ್ನು 'ಯೇಲಿ', 'ಯೇಲ', 'ವೋರ' ಮಾಡಬೇಡಿ. ಗಂಟಲಿನಿಂದ ನೇರವಾಗಿ ಸ್ವರ ಶುರುವಾಗಬೇಕು.

## ಹಂತ 4: ಮೂಗಿನ ಸ್ವರ

ಹತ್ತರಲ್ಲಿ ಒಂಬತ್ತು ಜನ ಸೋಲುವುದು ಇಲ್ಲೇ. ಆದ್ದರಿಂದ ಇದಕ್ಕೆ ಮೂರು ವಾರ ಕೊಡಿ.

ಕನ್ನಡದ ಸೊನ್ನೆ ಬರೀ ಚಿಹ್ನೆ. ಬಾಯಲ್ಲಿ ಅದು ಮುಂದಿನ ಅಕ್ಷರ ನೋಡಿಕೊಂಡು ಙ್, ನ್, ಮ್ ಆಗುತ್ತದೆ. ನಾಲಿಗೆಯೋ ತುಟಿಯೋ ಎಲ್ಲಾದರೂ ತಾಗಿಯೇ ತಾಗುತ್ತದೆ. ಪೋರ್ಚುಗೀಸ್‌ನಲ್ಲಿ ಪದದ ಕೊನೆಗೆ ಏನೂ ತಾಗುವುದಿಲ್ಲ. ಬಾಯಿ ತೆರೆದೇ ಇರುತ್ತದೆ, ಉಸಿರು ಮೂಗಿಗೂ ಹೋಗುತ್ತದೆ.

ಈ ಸದ್ದು ನಮಗೆ ಬರುವುದಿಲ್ಲ ಅಂತ ಅಂದುಕೊಳ್ಳಬೇಡಿ. ಯಾರೋ ದೂರದಿಂದ ಕರೆದಾಗ "ಹ್ಞಾ?" ಅನ್ನುತ್ತೀರಿ. ಕಥೆ ಕೇಳುತ್ತಾ "ಹ್ಞೂ" ಅನ್ನುತ್ತೀರಿ. ಅದೇ ಮೂಗಿನ ಸ್ವರ. ಕೋಲಾರದಲ್ಲಿ ಉರ್ದು ಮಾತಾಡುವ ಗೆಳೆಯರಿದ್ದರೆ ಅವರು 'ಹಾಂ', 'ನಹೀಂ' ಅನ್ನುವುದನ್ನು ಗಮನಿಸಿ. ಕೊನೆಗೆ ನ್ ಇಲ್ಲ, ಮ್ ಇಲ್ಲ.

ಅಭ್ಯಾಸ ಹೀಗೆ ಮಾಡಿ.

1. "ಹ್ಞಾ?" ಅನ್ನಿ. ನಾಲ್ಕೈದು ಸಲ, ಸಹಜವಾಗಿ.
2. ಮುಂದಿನ ಹ ತೆಗೆದು ಉಳಿದ ಸ್ವರವನ್ನು ಎಳೆಯಿರಿ. ಬಾಯಿ ದೊಡ್ಡದಾಗಿ ತೆರೆಯಬೇಡಿ, 'ಅ'ಗಿಂತ ಸ್ವಲ್ಪ ಮಾತ್ರ ಜಾಸ್ತಿ.
3. ಆ ಸ್ವರ ಮೂಗಿನಲ್ಲಿ ಇರುವಾಗಲೇ ತುಟಿ ದುಂಡಗೆ ಮಾಡಿ 'ಉ'ಗೆ ಜಾರಿ. 'ಉ' ಕೂಡ ಮೂಗಿನಿಂದಲೇ ಬರಬೇಕು.
4. ಮುಂದೆ ನ ಸೇರಿಸಿ: 'ನಾಂಉ', ಅಂದರೆ ಇಲ್ಲ, ಬೇಡ. ಮ ಸೇರಿಸಿ: 'ಮಾಂಉ', ಕೈ. ಪ ಸೇರಿಸಿ: 'ಪಾಂಉ', ಬ್ರೆಡ್.
5. 'ಉ' ಬದಲು 'ಇ'ಗೆ ಜಾರಿ: 'ಮಾಂಇ', ಅಮ್ಮ. 'ಬೇಂಇ', ಚೆನ್ನಾಗಿ.
6. ಜಾರದೆ ನಿಲ್ಲುವವು: 'ಸೀಂ', ಹೌದು. 'ಬೋಂ', ಒಳ್ಳೆಯದು. 'ಇರ್ಮಾಂ', ಸೋದರಿ. ಸೋದರ 'ಇರ್ಮಾಂಉ'.

ಪರೀಕ್ಷೆ ಎರಡು. ಮೊದಲನೆಯದು ಮೂಗು ಹಿಡಿಯುವುದು. ಸ್ವರ ಎಳೆಯುತ್ತಿರುವಾಗ ಎರಡು ಬೆರಳಿನಿಂದ ಮೂಗು ಒತ್ತಿ. ಸದ್ದು ಬದಲಾದರೆ ಉಸಿರು ಮೂಗಿಗೆ ಹೋಗುತ್ತಿದೆ, ಸರಿ. ಬದಲಾಗದಿದ್ದರೆ ಅದು ಬರೀ ಬಾಯಿಯ ಸ್ವರ. ಎರಡನೆಯದು ಕನ್ನಡಿ. 'ಬೋಂ' ಹೇಳಿ ಮುಗಿದಾಗ ತುಟಿ ಮುಚ್ಚಿದ್ದರೆ ನೀವು 'ಬೋಮ್' ಅಂದಿದ್ದೀರಿ. 'ಸೀಂ' ಮುಗಿದಾಗ ನಾಲಿಗೆಯ ತುದಿ ಮೇಲೆ ಅಂಟಿದ್ದರೆ 'ಸೀನ್' ಅಂದಿದ್ದೀರಿ. ಬರಹದಲ್ಲಿ ಕೊನೆಗೆ ಎಮ್ ಅಕ್ಷರ ಇರುವುದರಿಂದಲೇ ತುಟಿ ಮುಚ್ಚುವ ಆಸೆ ಬರುತ್ತದೆ. ಆ ಎಮ್ 'ಮೂಗಿನಿಂದ ಹೇಳು' ಅನ್ನುವ ಸೂಚನೆ ಅಷ್ಟೇ.

ಪದದ ನಡುವೆ ಬಂದಾಗ ಇಷ್ಟು ತಲೆಕೆಡಿಸಿಕೊಳ್ಳಬೇಡಿ. 'ಕಾಂಪು' ಅಂದರೆ ಹೊಲ, ಬಯಲು. ಪ ಹೇಳಲು ತುಟಿ ಮುಚ್ಚುವಾಗ ಸಣ್ಣ ಮ್ ತಾನಾಗಿ ಬರುತ್ತದೆ, ಅವರಿಗೂ ಬರುತ್ತದೆ. ಶ್ರೀನಿವಾಸಪುರದವರ ಮಾವು ಅವರ ಬಾಯಲ್ಲಿ 'ಮಾಂಗ'. ಮೊದಲ ಸ್ವರ ಗಿಡ್ಡ ಮಾಡಿದರೆ ನಮ್ಮ ಕಿವಿಗೆ ಕೋತಿ ಬಂದುಬಿಡುತ್ತದೆ, ಎಳೆಯಿರಿ.

ಮೂಗು ಕೈಕೊಟ್ಟರೆ ಏನಾಗುತ್ತದೆ? 'ಪಾಂಉ' ಹೋಗಿ 'ಪಾಉ' ಆಗುತ್ತದೆ, ಅಂದರೆ ಕೋಲು. ಬ್ರೆಜಿಲ್‌ನ ಪೋಲಿ ಮಾತಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ಬೇಕರಿಯಲ್ಲಿ ಕೇಳಿದರೆ ನಗುತ್ತಾರೆ, ಆಫೀಸ್ ಕಾಲ್‌ನಲ್ಲಿ ನಗು ತಡೆದುಕೊಳ್ಳುತ್ತಾರೆ.

## ಹಂತ 5: ವ್ಯಂಜನಗಳು

ಮೊದಲು ಬಿಟ್ಟಿ ಸಿಗುವವು. ಪ, ತ, ಕ, ಬ, ದ, ಗ ಎಲ್ಲವೂ ಕನ್ನಡದಂತೆಯೇ. ಇಂಗ್ಲಿಷ್ ಮಾತಾಡುವವರು ಪ, ತ, ಕ ಹೇಳುವಾಗ ಗಾಳಿ ಊದುತ್ತಾರೆ, ಅದನ್ನು ಬಿಡಲು ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಆದರೂ ನಮ್ಮವರು ಟಿ ಕಂಡರೆ ಟ, ಡಿ ಕಂಡರೆ ಡ ಅನ್ನುತ್ತಾರೆ. ಪೋರ್ಚುಗೀಸ್‌ನ ಟಿ ಅಂದರೆ ತ, ಡಿ ಅಂದರೆ ದ. ನಾಲಿಗೆ ಹಲ್ಲಿಗೆ ತಾಗಬೇಕು. 'ಟೂಡೊ' ಅಲ್ಲ, 'ತೂದು', ಅಂದರೆ ಎಲ್ಲಾ. 'ಬಟಾಟ' ಅಲ್ಲ, 'ಬತಾತ'. ಇದೊಂದನ್ನು ತಿದ್ದಿಕೊಂಡರೇ ಅರ್ಧ ಉಚ್ಚಾರ ಸರಿಹೋಗುತ್ತದೆ.

ಒಂದು ತಿರುವು ಇದೆ. ಬ್ರೆಜಿಲ್‌ನ ಬಹಳ ಕಡೆ ತ, ದ ಮುಂದೆ 'ಇ' ಸದ್ದು ಬಂದರೆ ಅವು ಚ, ಜ ಆಗುತ್ತವೆ. ದಿನ 'ಜೀಯ', ಶುಭೋದಯ 'ಬೋಂ ಜೀಯ'. ಹಾಲು 'ಲೇಇಚಿ'. ಕೋಲಾರದ ಮಂಡಿಯ ಟೊಮೇಟೊ 'ತೊಮಾಚಿ'. ಬ್ರೆಜಿಲ್‌ನ ಈಶಾನ್ಯದ ರೆಸಿಫಿ ನಗರದ ಕಡೆಯವರು ಮತ್ತು ಪೋರ್ಚುಗಲ್‌ನವರು ಹೀಗೆ ಮಾಡುವುದಿಲ್ಲ, ತ, ದ ಅಂತಲೇ ಉಳಿಸುತ್ತಾರೆ.

ಈಗ ಆರ್ ಅಕ್ಷರ. ಎರಡು ಸದ್ದು, ಜಾಗ ನೋಡಿ ತೀರ್ಮಾನ. ಪದದ ಮೊದಲು ಬಂದರೆ, ಅಥವಾ ಜೋಡಿಯಾಗಿ ಬಂದರೆ, ಬ್ರೆಜಿಲ್‌ನಲ್ಲಿ ಅದು ಹೆಚ್ಚುಕಡಿಮೆ ನಮ್ಮ ಹ. ರಿಯೊ ಊರಿನ ಹೆಸರು ಅವರ ಬಾಯಲ್ಲಿ 'ಹೀಉ'. ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದರೆ ನಮ್ಮ ರ. ಈಗ ಬಲೆ ನೋಡಿ: 'ಕಾಹು' ಅಂದರೆ ಕಾರು. 'ಕಾರು' ಅಂದರೆ ದುಬಾರಿ. ನೀವು ಕಾರಿನ ಬಗ್ಗೆ ಹೇಳುತ್ತಿರುತ್ತೀರಿ, ಅವರು ಬೆಲೆಯ ಬಗ್ಗೆ ಕೇಳುತ್ತಿರುತ್ತಾರೆ.

ಹಾಲಿಗೆ 'ಆಲು', ಹಣ್ಣಿಗೆ 'ಅಣ್ಣು' ಅನ್ನುವ ರೂಢಿ ನಮ್ಮ ಜಿಲ್ಲೆಗಳ ಹಳ್ಳಿಗಳಲ್ಲಿ ಉಂಟು. ಅಂಥವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. 'ಹಾತು' ಅಂದರೆ ಇಲಿ, 'ಆತು' ಅಂದರೆ ಕ್ರಿಯೆ. ಹ ಬಿಟ್ಟರೆ ಇಲಿ ಮಾಯ. ಇದಕ್ಕೆ ತದ್ವಿರುದ್ಧವಾಗಿ, ಬರಹದಲ್ಲಿ ಎಚ್ ಅಕ್ಷರ ಪದದ ಮೊದಲು ಕಂಡರೆ ಅದಕ್ಕೆ ಸದ್ದೇ ಇಲ್ಲ. ಎಚ್ ಬರೆದ ಕಡೆ ಹ ಇಲ್ಲ, ಆರ್ ಬರೆದ ಕಡೆ ಹ ಇದೆ. ಸುಮ್ನೆ ಒಪ್ಪಿಕೊಳ್ಳಿ.

ಪದದ ಕೊನೆಯ ಆರ್ ಊರಿಂದ ಊರಿಗೆ ಬೇರೆ. ರಿಯೊದಲ್ಲಿ ಹ ಥರ, ಸಾವೊ ಪಾಲೊ ನಗರದಲ್ಲಿ ರ ಥರ. ಯಾವುದಾದರೂ ಒಂದು ಹಿಡಿಯಿರಿ. ರ ನಮಗೆ ಸುಲಭ.

ಎಲ್ ಅಕ್ಷರ ಆದ ಮೇಲೆ ಸ್ವರ ಬಂದರೆ ಅದು ಲ. ಎಲ್ ಪದದ ಕೊನೆಗೆ ಬಂದರೆ, ಅಥವಾ ಅದಾದ ಮೇಲೆ ಇನ್ನೊಂದು ವ್ಯಂಜನ ಬಂದರೆ, ಬ್ರೆಜಿಲ್‌ನಲ್ಲಿ 'ಉ'. ಅವರ ದೇಶದ ಹೆಸರನ್ನೇ ಅವರು 'ಬ್ರಜ಼ೀಉ' ಅನ್ನುತ್ತಾರೆ. ಫುಟ್‌ಬಾಲ್ ನೋಡುವವರಿಗೆ ಒಂದೇ ಹೆಸರಲ್ಲಿ ಮೂರು ಪಾಠ ಸಿಗುತ್ತದೆ: ನಾವು ರೊನಾಲ್ಡೊ ಅನ್ನುವ ಬ್ರೆಜಿಲ್ ಆಟಗಾರ ಅಲ್ಲಿಯವರಿಗೆ 'ಹೊನಾಉದು'. ಆರ್ ಹ ಆಯಿತು, ಎಲ್ ಉ ಆಯಿತು, ಡಿ ದ ಆಯಿತು. ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ ಹೆಸರಲ್ಲಿ ಆ ದೇಶದವರು ಲ ಉಳಿಸಿಕೊಳ್ಳುತ್ತಾರೆ.

ಹೊಸದಾಗಿ ಕಲಿಯಬೇಕಾದ್ದು ನಾಲ್ಕೇ ಸದ್ದು: ಫ಼, ವ, ಜ಼, ಝ. ಕೈಯನ್ನು ಗಂಟಲ ಮೇಲೆ ಇಟ್ಟುಕೊಳ್ಳಿ. 'ಸ್‌ಸ್‌ಸ್' ಅನ್ನಿ, ಗಂಟಲು ನಡುಗುವುದಿಲ್ಲ. ನಾಲಿಗೆ ಅಲ್ಲಾಡಿಸದೆ ಗಂಟಲಿಗೆ ಸದ್ದು ಕೊಡಿ, ಜ಼ ಬರುತ್ತದೆ. 'ಶ್‌ಶ್‌ಶ್' ಇಂದ ಹಾಗೇ ಮಾಡಿದರೆ ಝ ಬರುತ್ತದೆ. ನಾಲಿಗೆ ಮೇಲೆ ಅಂಟಿದರೆ ಅದು ಜ, ತಪ್ಪು. ಮನೆಯಲ್ಲಿ ತೆಲುಗು ಮಾತಾಡುವವರು 'ರೋಜು' ಅನ್ನುವಾಗ ಬರುವ ಜು, ಜ಼ಗೆ ಸಾಕಷ್ಟು ಹತ್ತಿರ. ಅಲ್ಲಿಂದ ಶುರು ಮಾಡಿ. 'ಝೇಲು' ಅಂದರೆ ಮಂಜುಗಡ್ಡೆ, 'ಜ಼ೇಲು' ಅಂದರೆ ಶ್ರದ್ಧೆ. ಈ ಜೋಡಿಯನ್ನು ಫೋನಿನ ಮೈಕ್‌ಗೆ ಹೇಳಿ ನೋಡಿ.

ಫ಼ ಹೇಳುವಾಗ ಎರಡು ತುಟಿ ಸೇರಿದರೆ ಅದು ಪ. 'ಫ಼ಾಸ್' ಅಂದರೆ ಮಾಡುತ್ತಾನೆ, 'ಪಾಸ್' ಅಂದರೆ ಶಾಂತಿ. ವ ಹೇಳುವಾಗಲೂ ಹಲ್ಲು ಕೆಳತುಟಿಗೆ ತಾಗಿ ಝುಂ ಅನ್ನಬೇಕು, ನಮ್ಮ ವ ಸಡಿಲ.

ಎಲ್‌ಎಚ್ ಜೋಡಿ ಅಂದರೆ ಲ್ಯ: 'ಫ಼ೀಲ್ಯು', ಮಗ. ಇದಕ್ಕೆ ಳ ಹಾಕುವವರಿದ್ದಾರೆ, ಬೇಡ. ಎನ್‌ಎಚ್ ಜೋಡಿ ಅಂದರೆ ಞ: 'ವೀಞು', ವೈನ್. ವರ್ಣಮಾಲೆಯಲ್ಲಿ ಕಲಿತು ಮರೆತ ಆ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

## ಹಂತ 6: ಈಗ ಅಕ್ಷರ ನೋಡಿ

ಇಲ್ಲಿವರೆಗೆ ಬಂದಿದ್ದರೆ ಓದುವುದು ಬೇಗ ಮುಗಿಯುತ್ತದೆ. ಪೋರ್ಚುಗೀಸ್ ಬರಹ ಇಂಗ್ಲಿಷಿಗಿಂತ ಎಷ್ಟೋ ನೆಟ್ಟಗಿದೆ.

ಎರಡು ಸ್ವರಗಳ ನಡುವಿನ ಒಂಟಿ ಎಸ್ ಅಂದರೆ ಜ಼. ಮನೆ 'ಕಾಜ಼'. ಬಾಲ ಇರುವ ಸಿ ಅಂದರೆ ಯಾವಾಗಲೂ ಸ. ಬೇಟೆ 'ಕಾಸ'. ಜೋಡಿ ಎಸ್ ಕಂಡಾಗ ಒತ್ತಕ್ಷರ ಹಾಕುವುದು ನಮ್ಮವರ ಖಾಯಂ ತಪ್ಪು. 'ಅದು' ಅನ್ನುವ ಪದ 'ಈಸು', 'ಇಸ್ಸು' ಅಲ್ಲ. ಪೋರ್ಚುಗೀಸ್‌ನಲ್ಲಿ ಸಜಾತಿ ಒತ್ತಕ್ಷರವೇ ಇಲ್ಲ.

ಸಿಎಚ್ ಅಂದರೆ ಶ. ಕೀಲಿಗೆ ನಾವು ಅನ್ನುವ ಚಾವಿ ಅವರಿಂದಲೇ ಬಂದದ್ದು, ಆದರೆ ಈಗ ಅವರು ಅನ್ನುವುದು 'ಶಾವಿ'. ಮೇಜು ಅವರಿಗೆ 'ಮೇಜ಼'. ಗೊತ್ತಿರುವ ಪದ ಅಂತ ಕನ್ನಡದ ಉಚ್ಚಾರ ಹಾಕಬೇಡಿ.

ಎಕ್ಸ್ ಅಕ್ಷರಕ್ಕೆ ನಿಯಮ ಹುಡುಕಬೇಡಿ. ಮೀನು 'ಪೇಇಶಿ'ಯಲ್ಲಿ ಅದು ಶ, 'ಮುಂದಿನದು' ಅನ್ನುವ 'ಪ್ರೋಸಿಮು'ವಿನಲ್ಲಿ ಸ, ಪರೀಕ್ಷೆ ಅನ್ನುವ ಪದದಲ್ಲಿ ಜ಼, 'ಟ್ಯಾಕ್ಸಿ'ಯಲ್ಲಿ ಕ್ಸ. ಪದ ಬಂದ ಹಾಗೆ ಕಲಿಯುತ್ತಾ ಹೋಗಿ.

ನೋಟ್‌ಬುಕ್‌ನಲ್ಲಿ ಉಚ್ಚಾರ ಬರೆಯುವುದಾದರೆ ಕನ್ನಡ ಅಕ್ಷರದಲ್ಲೇ ಬರೆಯಿರಿ, ಇಂಗ್ಲಿಷ್ ಅಕ್ಷರದಲ್ಲಿ ಬೇಡ. ತ-ಟ, ದ-ಡ ಬೇರೆ ತೋರಿಸುವ ಶಕ್ತಿ ಕನ್ನಡ ಲಿಪಿಗೆ ಇದೆ. ಪಕ್ಕದಲ್ಲಿ ಅಸಲಿ ಕಾಗುಣಿತವೂ ಇರಲಿ. ಮೂರು ತಿಂಗಳ ನಂತರ ಕನ್ನಡದ ಆಸರೆ ಬಿಡಿ.

## ಹಂತ 7: ಪದದಿಂದ ವಾಕ್ಯಕ್ಕೆ

ಎರಡನೇ ಹಂತದಲ್ಲಿ ಕೇಳಿದ ಅದೇ ತುಣುಕನ್ನು ತೆಗೆಯಿರಿ. ಮಾತಾಡುವವರ ಹಿಂದೆಯೇ, ಅರ್ಧ ಸೆಕೆಂಡ್ ಬಿಟ್ಟು, ನೀವೂ ಹೇಳುತ್ತಾ ಹೋಗಿ. ಅರ್ಥ ಯೋಚಿಸಬೇಡಿ, ಏರಿಳಿತ ಹಿಡಿಯಿರಿ. ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ಎಲ್ಲಾ ಚೆನ್ನಾಗಿಯೇ ಅನಿಸುತ್ತದೆ.

ಪ್ರಶ್ನೆಯ ಏರಿಳಿತಕ್ಕೆ ಬೇರೆ ಅಭ್ಯಾಸ ಬೇಕು. ಕನ್ನಡದಲ್ಲಿ 'ಬರ್ತೀರಾ' ಅಂತ ಕೊನೆಗೆ ಆ ಹಚ್ಚಿದರೆ ಪ್ರಶ್ನೆ ಆಯಿತು, ದನಿ ಏರಿಸಬೇಕಾಗಿಲ್ಲ. ಪೋರ್ಚುಗೀಸ್‌ನಲ್ಲಿ 'ವೊಸೇ ವಾಇ' ಅಂದರೆ ನೀವು ಹೋಗುತ್ತೀರಿ. ಅದೇ ಎರಡು ಪದ, ದನಿ ಮೇಲಕ್ಕೆ ಹೋದರೆ 'ಹೋಗುತ್ತೀರಾ?' ದನಿ ಏರಿಸದಿದ್ದರೆ ನೀವು ಕೇಳಿದ್ದೇ ಅವರಿಗೆ ತಿಳಿಯುವುದಿಲ್ಲ. ಉತ್ತರ ಬರುವುದಿಲ್ಲ, ಲೈನ್ ಕಟ್ಟಾಯಿತು ಅಂತ ನೀವು ಅಂದುಕೊಳ್ಳುತ್ತೀರಿ.

ಪರೀಕ್ಷೆಗೆ ಒಂದೇ ವಾಕ್ಯ ಸಾಕು: "ಪೋಜಿ ಹೆಪೆಚೀರ್?" ಅಂದರೆ "ಇನ್ನೊಂದು ಸಲ ಹೇಳುತ್ತೀರಾ?" ಇದರಲ್ಲಿ ತೆರೆದ ಓ ಇದೆ, ದ ಜ ಆಗಿದೆ, ಆರ್ ಹ ಆಗಿದೆ, ತ ಚ ಆಗಿದೆ, ಒತ್ತು ಕೊನೆಗಿದೆ, ದನಿ ಏರಬೇಕು. ಇದು ಸರಿಯಾಗಿ ಬಂದರೆ ಮುಂದಿನ ಹಂತಕ್ಕೆ ಹೋಗಿ. ಕಾಲ್‌ನಲ್ಲಿ ಅತಿ ಜಾಸ್ತಿ ಬೇಕಾಗುವ ವಾಕ್ಯವೂ ಇದೇ. ಜೊತೆಗೆ "ನಾಂಉ ಎಂತೆಂಜೀ", ಅರ್ಥವಾಗಲಿಲ್ಲ, ಅದೂ ಬಾಯಲ್ಲಿರಲಿ.

## ಹಂತ 8: ಮನುಷ್ಯರ ಜೊತೆ ಮಾತು

ಭಾಷೆ ವಿನಿಮಯದ ಆಪ್‌ಗಳಲ್ಲಿ ಇಂಗ್ಲಿಷ್ ಕಲಿಯಲು ಕಾದಿರುವ ಬ್ರೆಜಿಲ್‌ನವರು ಬೇಕಾದಷ್ಟು ಸಿಗುತ್ತಾರೆ. ಸಾವೊ ಪಾಲೊ ನಮಗಿಂತ ಎಂಟೂವರೆ ಗಂಟೆ ಹಿಂದೆ. ಕೋಲಾರದಲ್ಲಿ ಸಂಜೆ 6:30 ಆದಾಗ ಅಲ್ಲಿ ಬೆಳಿಗ್ಗೆ 10. ಬ್ರೆಜಿಲ್ 2019ರಲ್ಲಿ ಬೇಸಿಗೆ ಸಮಯದ ಪದ್ಧತಿ ಬಿಟ್ಟ ಮೇಲೆ ಈ ಲೆಕ್ಕ ವರ್ಷಪೂರ್ತಿ ಒಂದೇ. ಪೋರ್ಚುಗಲ್ ಮಾತ್ರ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ.

ಮೊದಲ ಕರೆಗಳು ಹದಿನೈದು ನಿಮಿಷ ಮೀರದಿರಲಿ. "ಓಇ, ತೂದು ಬೇಂಇ?" ಅಂತ ಶುರು ಮಾಡಿ. ನಮ್ಮಲ್ಲಿ 'ಓಯ್' ಅಂದರೆ ಜಗಳಕ್ಕೆ ಕರೆದಂತೆ, ಅಲ್ಲಿ ಅದೇ ನಮಸ್ಕಾರ. ನಿಮ್ಮ ಊರಿನ ಪದಗಳನ್ನೇ ಮಾತಿಗೆ ತನ್ನಿ: ಚಿನ್ನ 'ಓರು', ರೇಷ್ಮೆ 'ಸೇದ', ಟೊಮೇಟೊ, ಹಾಲು, ಮಾವು. ಗೊತ್ತಿರುವ ವಿಷಯ ಆದರೆ ಗಮನ ಉಚ್ಚಾರದ ಮೇಲೆ ನಿಲ್ಲುತ್ತದೆ.

ಜೊತೆಗಾರರಿಗೆ ಮೊದಲೇ ಹೇಳಿ: ಎಲ್ಲಾ ತಿದ್ದಬೇಡಿ, ಇವತ್ತು ಮೂಗಿನ ಸ್ವರ ಮಾತ್ರ ತಿದ್ದಿ. ಹಾಗೆ ಹೇಳದಿದ್ದರೆ ಅವರು ಮರ್ಯಾದೆಗೆ "ತುಂಬಾ ಚೆನ್ನಾಗಿದೆ" ಅಂದುಬಿಡುತ್ತಾರೆ.

## ದಾರಿ ತಪ್ಪುತ್ತಿದೆ ಅನ್ನುವ ಲಕ್ಷಣಗಳು

ನೀವು ಪೋರ್ಚುಗೀಸ್‌ನಲ್ಲಿ ಕೇಳಿದ್ದಕ್ಕೆ ಅವರು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ. ಬಹಳ ಸಲ ತಪ್ಪು ಒತ್ತಿನದ್ದೇ ಇರುತ್ತದೆ.

ಮೈಕ್ ಹಿಡಿದಾಗ ಫೋನ್ ಪದೇ ಪದೇ 'ಪಾಂಉ' ಬದಲು 'ಪಾಉ' ಟೈಪ್ ಮಾಡುತ್ತಿದ್ದರೆ ನಾಲ್ಕನೇ ಹಂತ. ನೆಗಡಿ ಆಗಿದ್ದಾಗ ಈ ಪರೀಕ್ಷೆ ಬೇಡ, ಕಟ್ಟಿದ ಮೂಗಿನಲ್ಲಿ ಯಾರಿಗೂ ಬರುವುದಿಲ್ಲ.

ಆರ್ ಅಭ್ಯಾಸದಿಂದ ಗಂಟಲು ಕೆರೆದರೆ ನೀವು ಕಫ ತೆಗೆಯುವ ಥರ ಮಾಡುತ್ತಿದ್ದೀರಿ. ನಿಲ್ಲಿಸಿ. ಬ್ರೆಜಿಲ್‌ಗೆ ಮೆತ್ತನೆಯ ಹ ಸಾಕು.

ಒಬ್ಬ ಯೂಟ್ಯೂಬ್ ಮೇಷ್ಟ್ರು ಹೇಳಿದ್ದೆಲ್ಲಾ ಅರ್ಥವಾಗುತ್ತದೆ, ಬೇರೆ ಯಾರದ್ದೂ ಅರ್ಥವಾಗುವುದಿಲ್ಲ ಅಂದರೆ ನಿಮಗೆ ಅವರ ದನಿ ಬಂದಿದೆ, ಭಾಷೆ ಇನ್ನೂ ಬಂದಿಲ್ಲ. ಹೆಂಗಸರು, ಗಂಡಸರು, ಮುದುಕರು, ಮಕ್ಕಳು, ನಾಲ್ಕು ಬಗೆಯ ದನಿ ಕೇಳಿ.

ಪರೀಕ್ಷೆ ಕಟ್ಟುವ ಯೋಚನೆ ಇದ್ದವರಿಗೆ ಒಂದು ಮಾತು. ಬ್ರೆಜಿಲ್‌ನ ಅಧಿಕೃತ ಪರೀಕ್ಷೆ ಸೆಲ್ಪಿ-ಬ್ರಾಸ್. ಅದರ ಪ್ರಮಾಣಪತ್ರ ಮಧ್ಯಮ ಮಟ್ಟದಿಂದ ಶುರುವಾಗುತ್ತದೆ, ಹೊಸಬರಿಗೆ ಅಲ್ಲ. ಅದರಲ್ಲಿ ಎದುರಾಎದುರು ಕೂತು ಮಾತಾಡುವ ಭಾಗವೂ ಇದೆ. ಪೋರ್ಚುಗಲ್ ರೀತಿ ಕಲಿತವರಿಗೆ ಲಿಸ್ಬನ್ ವಿಶ್ವವಿದ್ಯಾಲಯದ ಕೇಂದ್ರ ನಡೆಸುವ ಸಿಪ್ಲಿ ಪರೀಕ್ಷೆ ಇದೆ, ಅದು ಎ2 (ಕೆಳಗಿನಿಂದ ಎರಡನೇ) ಮಟ್ಟದ್ದು, ಹೊಸಬರಿಗೆ ಕೈಗೆಟಕುತ್ತದೆ. ಯಾವುದಕ್ಕೇ ಆಗಲಿ, ಎಂಟನೇ ಹಂತದ ಕರೆಗಳು ಇಂಗ್ಲಿಷ್ ಬೆರೆಸದೆ ಅರ್ಧ ಗಂಟೆ ನಡೆಯುವವರೆಗೆ ಫೀಸ್ ಕಟ್ಟಬೇಡಿ.